ಎನ್‌ಸಿಡಿ ತಪಾಸಣೆಯ ಡೇಟಾ ಬೇಕೆ? ಮೊದಲು ಕಾಲಂಗಳ ಪಟ್ಟಿ ಬರೆಯಿರಿ

ಮೂವತ್ತು ದಾಟಿದವರಿಗೆ ಬಿಪಿ, ಶುಗರ್ ನೋಡಿ, ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗೆ ತಪಾಸಣೆ ಮಾಡುವ ರಾಷ್ಟ್ರೀಯ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ರೋಗಗಳ) ಕಾರ್ಯಕ್ರಮದ ಡೇಟಾವನ್ನು ಸಂಶೋಧನೆಗೆ ಬಳಸಬೇಕು ಅಂದುಕೊಂಡವರು ಸಾಮಾನ್ಯವಾಗಿ ಮೊದಲು ಅರ್ಜಿಯ ನಮೂನೆ ಹುಡುಕುತ್ತಾರೆ. ಅದಕ್ಕೂ ಮುಂಚೆ ಆಗಬೇಕಾದ ಕೆಲಸ ಒಂದಿದೆ: ನಿಮಗೆ ಯಾವ ಯಾವ ಕಾಲಂ ಬೇಕು ಎಂಬ ಪಟ್ಟಿ. ಸಂಶೋಧನೆಯ ನೈತಿಕತೆ ನೋಡುವ ಎಥಿಕ್ಸ್ ಕಮಿಟಿ ಎಷ್ಟು ಪ್ರಶ್ನೆ ಕೇಳುತ್ತದೆ, ಆರೋಗ್ಯ ಇಲಾಖೆ ಎಷ್ಟು ಹಿಂಜರಿಯುತ್ತದೆ ಎಂಬುದೆಲ್ಲ ಬಹುಮಟ್ಟಿಗೆ ಈ ಒಂದು ಹಾಳೆಯ ಮೇಲೇ ನಿಂತಿರುತ್ತದೆ.

ಪ್ರತಿ ಕಾಲಂ ಎದುರಿಗೆ ಅದು ನಿಮ್ಮ ಯಾವ ಕೋಷ್ಟಕಕ್ಕೆ ಬೇಕು ಎಂದು ಬರೆಯಿರಿ. ಬರೆಯಲು ಆಗದಿದ್ದರೆ ಆ ಕಾಲಂ ಬೇಡ. ಹೆಸರು, ಮೊಬೈಲ್, ವಿಳಾಸ, 14 ಅಂಕಿಯ ಆಭಾ (ಡಿಜಿಟಲ್ ಆರೋಗ್ಯ ಗುರುತಿನ) ಸಂಖ್ಯೆ ಇವನ್ನು ಕೇಳಲೇಬೇಡಿ. ಹುಟ್ಟಿದ ದಿನಾಂಕದ ಬದಲು ವಯಸ್ಸು, ತಪಾಸಣೆಯ ದಿನದ ಬದಲು ತಿಂಗಳು, ಊರಿನ ಬದಲು ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. ಹೆಸರು ಅಳಿಸಿದ ಮಾತ್ರಕ್ಕೆ ಗುರುತು ಅಳಿಸಿಹೋಗುವುದಿಲ್ಲ. ಇನ್ನೂರು ಮನೆಯ ಊರು, ‘43 ವರ್ಷ, ಹೆಣ್ಣು, ಮಾರ್ಚ್ 14, ವಿಐಎ ಪಾಸಿಟಿವ್’ ಎಂಬ ಒಂದು ಸಾಲು (ವಿಐಎ ಎಂದರೆ ಗರ್ಭಕೊರಳಿನ ಕ್ಯಾನ್ಸರ್‌ನ ತಪಾಸಣೆ). ಆ ದಿನ ಶಿಬಿರಕ್ಕೆ ಯಾರು ಯಾರು ಬಂದಿದ್ದರು ಎಂದು ಬಲ್ಲವರಿಗೆ ಆಕೆ ಯಾರೆಂದು ಹೇಳಬೇಕಿಲ್ಲ. ಇಲಾಖೆ ಹಿಂಜರಿಯುವುದು ಇಂಥ ಸಾಲಿಗಾಗಿ, ಮತ್ತು ಆ ಹಿಂಜರಿಕೆ ನ್ಯಾಯವಾದದ್ದು.

ಒಬ್ಬರ ಎರಡು ವರ್ಷದ ದಾಖಲೆಗಳನ್ನು ಜೋಡಿಸಲೇಬೇಕಿದ್ದರೆ ಕೋಡ್ ಸಂಖ್ಯೆ ಕೇಳಿ, ಅದರ ಕೀಲಿ ಇಲಾಖೆಯ ಬಳಿಯೇ ಉಳಿಯಲಿ. ಮೊಬೈಲ್ ನಂಬರನ್ನು ಬರೀ ಹ್ಯಾಶ್ ಮಾಡಿ (ಸೂತ್ರವೊಂದರಿಂದ ಬೇರೆ ಅಕ್ಷರಸಾಲಾಗಿ ಬದಲಿಸಿ) ಕೊಟ್ಟರೆ ಸುರಕ್ಷಿತ ಅಲ್ಲ. ಹತ್ತು ಅಂಕಿಯ ಎಲ್ಲ ನಂಬರುಗಳನ್ನೂ ಕಂಪ್ಯೂಟರಿನಲ್ಲಿ ಹ್ಯಾಶ್ ಮಾಡಿ ತಾಳೆ ನೋಡಿದರೆ ಮೂಲ ನಂಬರ್ ಸಿಕ್ಕಿಬಿಡುತ್ತದೆ. ಹ್ಯಾಶ್ ಮಾಡುವಾಗ ಇಲಾಖೆಗಷ್ಟೇ ಗೊತ್ತಿರುವ ರಹಸ್ಯ ಕೀಲಿಯೊಂದನ್ನು ಸೇರಿಸಬೇಕು. ಈ ಮಾತನ್ನು ಪ್ರೊಟೋಕಾಲ್‌ನಲ್ಲಿ ನೀವೇ ಬರೆದುಕೊಡಿ.

ಇನ್ನು ಸಿಬ್ಯಾಕ್ ಎಂಬ, ರೋಗದ ಅಪಾಯ ಅಳೆಯುವ ನಮೂನೆಯ ಅಂಕ. ಆಶಾ ಕಾರ್ಯಕರ್ತೆಯರು ಮನೆಗೆ ಹೋಗಿ ತುಂಬುವ ಈ ನಮೂನೆಯಲ್ಲಿ ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಚಟುವಟಿಕೆ, ಕುಟುಂಬದ ಇತಿಹಾಸ ಇವಕ್ಕೆ ಅಂಕ ಇರುತ್ತದೆ, 4ಕ್ಕಿಂತ ಹೆಚ್ಚು ಬಂದವರಿಗೆ ತಪಾಸಣೆಯಲ್ಲಿ ಆದ್ಯತೆ. ಆದರೆ ನಮೂನೆ ಪರಿಷ್ಕರಣೆಯಾಗಿದೆ. ಹಳೆಯದರಲ್ಲಿ ಅರವತ್ತು ದಾಟಿದವರಿಗೆ ವಯಸ್ಸಿನ ಲೆಕ್ಕದಲ್ಲಿ 2 ಅಂಕ ಸಿಗುತ್ತಿತ್ತು, ಹೊಸದರಲ್ಲಿ 4. ಎರಡೂ ಕಾಲದ ಒಟ್ಟು ಅಂಕಗಳನ್ನು ಒಟ್ಟಿಗೆ ಹಾಕಿ ‘ಅಪಾಯ ಹೆಚ್ಚಿದೆ’ ಎಂದರೆ ಆ ಏರಿಕೆ ನಮೂನೆಯದ್ದೂ ಆಗಿರಬಹುದು. ಹಾಗಾಗಿ ಒಟ್ಟು ಅಂಕ ಬೇಡ, ಒಂದೊಂದು ಪ್ರಶ್ನೆಯ ಉತ್ತರ ಕೇಳಿ.

ಅನುಮತಿಯ ವಿಷಯಕ್ಕೆ ಬಂದರೆ, ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಎರಡು ಕಚೇರಿಗಳ ನಡುವೆ. ಇಲಾಖೆ ‘ಎಥಿಕ್ಸ್ ಪತ್ರ ತನ್ನಿ’ ಅನ್ನುತ್ತದೆ, ಎಥಿಕ್ಸ್ ಕಮಿಟಿ ‘ಇಲಾಖೆಯ ಒಪ್ಪಿಗೆ ಎಲ್ಲಿ’ ಅನ್ನುತ್ತದೆ. ಇದಕ್ಕಿರುವ ದಾರಿ, ಇಲಾಖೆಯಿಂದ ಮೊದಲು ತಾತ್ವಿಕ ಒಪ್ಪಿಗೆಯ ಪತ್ರ: ‘ಎಥಿಕ್ಸ್ ಅನುಮೋದನೆ ಬಂದ ಮೇಲೆ ಗುರುತಿಲ್ಲದ ಡೇಟಾ ಕೊಡಲು ಪರಿಶೀಲಿಸಲಾಗುವುದು’ ಎಂಬಷ್ಟು ಇದ್ದರೆ ಸಾಕು. ಕರ್ನಾಟಕದಲ್ಲಾದರೆ ಅರ್ಜಿಯನ್ನು ನಿಮ್ಮ ಸಂಸ್ಥೆಯ ಮುಖ್ಯಸ್ಥರ ಮೂಲಕ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳ ಆಯುಕ್ತರಿಗೆ ಬರೆದು, ಪ್ರತಿಯನ್ನು ಜಿಲ್ಲಾ ಎನ್‌ಸಿಡಿ ಕೋಶಕ್ಕೆ ಕೊಡಿ. ಪರಿಚಯದವರಿಂದ ಎಕ್ಸೆಲ್ ಫೈಲ್ ತರಿಸಿಕೊಂಡು ಆಮೇಲೆ ಅನುಮತಿ ನೋಡಿಕೊಳ್ಳೋಣ ಎಂಬ ಯೋಚನೆ ಖಂಡಿತ ಬೇಡ. ಅಧ್ಯಯನ ಮುಗಿದ ಮೇಲೆ ಹಿಂದಿನ ದಿನಾಂಕಕ್ಕೆ ಎಥಿಕ್ಸ್ ಅನುಮೋದನೆ ಸಿಗುವುದಿಲ್ಲ, ಪೇಪರು ಅಲ್ಲಿಗೆ ನಿಂತುಹೋಗುತ್ತದೆ. ವಿದೇಶಿ ಹಣ ಅಥವಾ ವಿದೇಶಿ ಸಹಯೋಗ ಇದ್ದರೆ ಕೇಂದ್ರ ಆರೋಗ್ಯ ಸಚಿವಾಲಯದ ಎಚ್‌ಎಂಎಸ್‌ಸಿ ಎಂಬ ಪರಿಶೀಲನಾ ಸಮಿತಿಯ ಒಪ್ಪಿಗೆಯೂ ಬೇಕು.

ಎಥಿಕ್ಸ್ ಅರ್ಜಿಯಲ್ಲಿ ಸಮ್ಮತಿ ವಿನಾಯಿತಿಯನ್ನು (ಪ್ರತಿಯೊಬ್ಬರ ಒಪ್ಪಿಗೆ ಪಡೆಯದೆ ದಾಖಲೆ ಬಳಸುವ ಅನುಮತಿ) ಪ್ರತ್ಯೇಕವಾಗಿ ಕೇಳಬೇಕು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಗುರುತು ತೆಗೆದ ಹಳೆಯ ದಾಖಲೆಗಳ ಅಧ್ಯಯನಕ್ಕೆ ಇದಕ್ಕೆ ಅವಕಾಶ ಕೊಟ್ಟಿದೆ. ಗುರುತಿಲ್ಲದ ದಾಖಲೆಗಳಾದರೆ ತ್ವರಿತ ಪರಿಶೀಲನೆಗೂ ಅರ್ಹ. ‘ಡೇಟಾ ಹೇಗೂ ಸರ್ಕಾರದ್ದು’ ಎಂಬುದು ಕಾರಣವಲ್ಲ. ಇಷ್ಟು ಜನರನ್ನು ಮತ್ತೆ ಸಂಪರ್ಕಿಸಲು ಆಗದು, ಸಂಪರ್ಕಿಸಬೇಕೆಂದರೆ ಮೊಬೈಲ್ ನಂಬರ್ ಪಡೆಯಬೇಕಾಗಿ ಅವರ ಗೋಪ್ಯತೆಗೇ ಹೆಚ್ಚು ಅಪಾಯ ಎಂದು ವಿವರಿಸಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ಸಂಶೋಧನೆಗೆ ವಿನಾಯಿತಿ ಇದೆ, ಆದರೆ ಷರತ್ತಿನೊಂದಿಗೆ: ಆ ಡೇಟಾ ಇಟ್ಟುಕೊಂಡು ಒಬ್ಬ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಯಾವ ನಿರ್ಧಾರವನ್ನೂ ತೆಗೆದುಕೊಳ್ಳುವಂತಿಲ್ಲ, ನಿಗದಿತ ಮಾನದಂಡಗಳನ್ನೂ ಪಾಲಿಸಬೇಕು.

ಡೇಟಾ ಕೈಗೆ ಬಂದ ದಿನವೇ ಬಿಪಿಯ ಕೊನೆಯ ಅಂಕಿಗಳನ್ನು ಎಣಿಸಿ. ಎಲ್ಲೆಲ್ಲೂ 120/80, 130/80 ಎಂದೇ ಇದ್ದರೆ ಅಂದಾಜಿನಲ್ಲಿ ಬರೆದದ್ದು ಎಷ್ಟಿರಬಹುದು ಎಂಬ ಸುಳಿವು ಸಿಗುತ್ತದೆ. 140/90ರ ಗೆರೆಯ ಆಚೀಚೆ ಇದರ ಪರಿಣಾಮ ದೊಡ್ಡದು. ಶುಗರ್ ಊಟಕ್ಕೆ ಮುಂಚೆ ನೋಡಿದ್ದೋ ನಂತರವೋ ಗೊತ್ತಿಲ್ಲದಿದ್ದರೆ 150 ಎಂಬ ಅಂಕಿಯಿಂದ ‘ಮಧುಮೇಹ’ ಎಂದು ಬರೆಯಲು ಬರುವುದಿಲ್ಲ, ಮುಂದಿನ ಪರೀಕ್ಷೆಗೆ ಕಳಿಸಬೇಕಾದವರು ಎಂದಷ್ಟೇ ಹೇಳಬಹುದು. ವಿಐಎ ಕಾಲಂ ಖಾಲಿ ಇದ್ದರೆ ಅದು ‘ಮಾಡಿಲ್ಲ’ವೋ, ‘ಅನ್ವಯಿಸದು’ವೋ, ‘ನೆಗೆಟಿವ್’ ಎಂದೋ? ಯಾವ ಕಾಲಂನಲ್ಲಿ ಏನಿದ್ದರೆ ಏನರ್ಥ ಎಂದು ಹೇಳುವ ಡೇಟಾ ಡಿಕ್ಷನರಿಯನ್ನು ಅರ್ಜಿಯಲ್ಲೇ ಕೇಳಿರದಿದ್ದರೆ ಇಲ್ಲಿ ದಾರಿ ಮುಚ್ಚುತ್ತದೆ. ಪೂರ್ತಿ ದಿನಾಂಕ ಇರುವ ಕಡೆ ತಿಂಗಳು-ದಿನ ಅದಲುಬದಲಾಗಿರುವುದು ಮಾಮೂಲು. 12ಕ್ಕಿಂತ ಹೆಚ್ಚಿನ ತಿಂಗಳು ಇದೆಯೇ ಎಂದು ನೋಡಿದರೆ ಬೇಗ ಸಿಕ್ಕಿಬೀಳುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಇದು ತಪಾಸಣೆಗೆ ಸಿಕ್ಕವರ ಡೇಟಾ. ಹಗಲು ಕೆಲಸಕ್ಕೆ ಹೋದ ಗಂಡಸರು, ವಲಸೆ ಹೋದವರು ಇದರಲ್ಲಿ ಕಡಿಮೆ. ಜಿಲ್ಲೆಯಲ್ಲಿ ಶೇಕಡಾ ಎಷ್ಟು ಜನರಿಗೆ ರಕ್ತದೊತ್ತಡ ಎಂಬುದೇ ನಿಮ್ಮ ಪ್ರಶ್ನೆಯಾದರೆ ಈ ಅರ್ಜಿಯೇ ಬೇಡ. 2019–21ರ ಎನ್‌ಎಫ್‌ಎಚ್‌ಎಸ್-5ರಲ್ಲಿ (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ಮಾದರಿ ಸಮೀಕ್ಷೆಯ ಅಂಕಿ ಸಿಗುತ್ತದೆ. ತಪಾಸಣೆಯ ಡೇಟಾಕ್ಕೆ ಹೊಂದುವ ಪ್ರಶ್ನೆಗಳು ಬೇರೆ: ಪಾಸಿಟಿವ್ ಬಂದವರಲ್ಲಿ ಎಷ್ಟು ಮಂದಿ ಮುಂದಿನ ಆಸ್ಪತ್ರೆ ತಲುಪಿದರು, ಎಷ್ಟು ತಿಂಗಳಿಗೆ, ದಾರಿ ತಪ್ಪಿದ್ದು ಯಾವ ಹಂತದಲ್ಲಿ.

ಪ್ರಕಟಿಸುವ ಕೋಷ್ಟಕದಲ್ಲಿ 5ಕ್ಕಿಂತ ಕಡಿಮೆ ಜನರಿರುವ ಚೌಕಗಳನ್ನು (ಸೆಲ್) ಮರೆಮಾಡಿ. ಒಟ್ಟು ಮೊತ್ತದಿಂದ ಕಳೆದು ಆ ಅಂಕಿ ಕಂಡುಹಿಡಿಯಲು ಬರುವಂತಿದ್ದರೆ ಪಕ್ಕದ ಇನ್ನೊಂದು ಚೌಕವನ್ನೂ ಮರೆಮಾಡಬೇಕು. ಡೇಟಾ ಎಲ್ಲಿರುತ್ತದೆ, ಯಾರು ತೆರೆಯಬಹುದು, ಯಾವ ದಿನ ಅಳಿಸಲಾಗುತ್ತದೆ ಎಂಬುದನ್ನು ಅರ್ಜಿಯಲ್ಲೇ ಬರೆದಿದ್ದರೆ, ಅಳಿಸಿದ ಮೇಲೆ ಇಲಾಖೆಗೆ ಪತ್ರ ಕೊಡಿ. ಅದರ ಜೊತೆಗೆ ಎರಡು ಪುಟದ ಕನ್ನಡ ವರದಿಯೊಂದನ್ನು ಜಿಲ್ಲಾ ಎನ್‌ಸಿಡಿ ಕೋಶಕ್ಕೂ, ಡೇಟಾ ಬಂದ ಆರೋಗ್ಯ ಕೇಂದ್ರಗಳಿಗೂ ಕಳಿಸಿ. ಆ ನಮೂನೆಗಳನ್ನು ತುಂಬಿದವರು ಅಲ್ಲಿದ್ದಾರೆ.