ಮೂರು ಸಿಸ್ಟಂ, ಒಂದೇ ಡಿ ಡ್ರೈವ್

ಮೊದಲ ಭಾನುವಾರ

ತುಮಕೂರಿನ ಚಿಕ್ಕಪೇಟೆಯಲ್ಲಿ ನಮ್ಮ ಚಿಕ್ಕಪ್ಪನದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಜಾತ್ರೆಯ ಕರಪತ್ರ, ಬಿಲ್ ಬುಕ್ಕು ಎಲ್ಲವೂ ಒಂದೇ ಕಂಪ್ಯೂಟರ್‌ನಲ್ಲಿ ತಯಾರಾಗಿ ಪ್ರೆಸ್ಸಿಗೆ ಹೋಗುತ್ತವೆ. ಅದರಲ್ಲಿರುವುದು ವಿಂಡೋಸ್ 7, ಪುಟ ಜೋಡಿಸುವ ಪೇಜ್‌ಮೇಕರ್ 7, ಕನ್ನಡ ಟೈಪ್ ಮಾಡುವ ನುಡಿ. ಹಾರ್ಡ್ ಡಿಸ್ಕ್‌ನಲ್ಲಿ ಎರಡು ಭಾಗ: ಸಿ ಡ್ರೈವ್‌ನಲ್ಲಿ ವಿಂಡೋಸ್, ಡಿ ಡ್ರೈವ್‌ನಲ್ಲಿ ಇಷ್ಟು ವರ್ಷಗಳ ದುಡಿಮೆ. ಬ್ಯಾಕಪ್‌ಗೆಂದು ಒಂದು ಯುಎಸ್‌ಬಿ ಡಿಸ್ಕ್ ಇದೆ. ಅದನ್ನು ಚುಚ್ಚಿದರೆ ಇ ಡ್ರೈವ್ ಆಗುತ್ತದೆ. ಡೆಸ್ಕ್‌ಟಾಪ್ ಮೇಲಿನ ಬ್ಯಾಚ್ ಫೈಲ್ (ಆದೇಶಗಳನ್ನು ಬರೆದಿಟ್ಟ ಫೈಲ್) ಒತ್ತಿದರೆ ವಿಂಡೋಸ್‌ನದೇ ನಕಲು ಪ್ರೋಗ್ರಾಂ ರೋಬೋಕಾಪಿ ಡಿ ಡ್ರೈವ್‌ನ ಫೋಲ್ಡರನ್ನು ಇ ಡ್ರೈವ್‌ಗೆ ನಕಲು ಮಾಡುತ್ತದೆ. ಆ ಫೈಲ್ ಬರೆದುಕೊಟ್ಟವನು ನಾನೇ.

ಹೊಸ ಬಣ್ಣದ ಪ್ರಿಂಟರ್‌ಗೆ ವಿಂಡೋಸ್ 7ರ ಡ್ರೈವರ್ (ಪ್ರಿಂಟರನ್ನು ನಡೆಸುವ ತಂತ್ರಾಂಶ) ಇಲ್ಲ. ಅಲ್ಲದೆ 2020ರ ಜನವರಿ 14ಕ್ಕೇ ವಿಂಡೋಸ್ 7ರ ಬೆಂಬಲ ಮುಗಿದಿರುವುದರಿಂದ ಬ್ಯಾಂಕು, ಜಿಎಸ್‌ಟಿ ಕೆಲಸವನ್ನು ಅದರಲ್ಲಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಹಾಗಾಗಿ ಎಸ್‌ಎಸ್‌ಡಿ ಎಂಬ 240 ಜಿಬಿಯ ಹೊಸ ಡಿಸ್ಕ್ ಸೇರಿಸಿ, ಮುದ್ರಣಕ್ಕೆ ವಿಂಡೋಸ್ 10, ಇಂಟರ್ನೆಟ್‌ಗೆ ಲಿನಕ್ಸ್ ಬಗೆಯ ಉಬುಂಟು ಹಾಕಿದೆ. ಹಳೆಯದನ್ನು ಮುಟ್ಟಲಿಲ್ಲ. ವಿಂಡೋಸ್ 10ರಲ್ಲೂ ಪೇಜ್‌ಮೇಕರ್, ನುಡಿ ಕೂರಿಸಿದೆ.

ಸಂಜೆ ಚಿಕ್ಕಪ್ಪ ಒಂದು ಲಗ್ನಪತ್ರಿಕೆ ತೆರೆದರು. ಮೇಲ್ಗಡೆ ಗೊರವನಹಳ್ಳಿ ಮಹಾಲಕ್ಷ್ಮಿ ಇರಬೇಕಾದ ಜಾಗದ ಚಿತ್ರ ಸಿಗುತ್ತಿಲ್ಲ, ಎಲ್ಲಿದೆ ತೋರಿಸಿ ಎಂದು ಪೇಜ್‌ಮೇಕರ್ ಕೇಳಿತು. ಎಡೆಯೂರು ಸಿದ್ಧಲಿಂಗೇಶ್ವರನ ಚಿತ್ರಕ್ಕೂ ಅದೇ ಪ್ರಶ್ನೆ.

"ದೇವರ ಚಿತ್ರವೇ ಇಲ್ಲವಲ್ಲಪ್ಪ, ಏನು ಮಾಡಿದೆ?" ಎಂದರು.

ಚಿತ್ರಗಳೆಲ್ಲ ಇದ್ದಲ್ಲೇ ಇದ್ದವು. ಪೇಜ್‌ಮೇಕರ್ ದೊಡ್ಡ ಚಿತ್ರವನ್ನು ತನ್ನೊಳಗೆ ಇಟ್ಟುಕೊಳ್ಳದೆ ಅದರ ವಿಳಾಸವನ್ನಷ್ಟೇ ಬರೆದುಕೊಂಡಿರುತ್ತದೆ. ಆ ವಿಳಾಸ ಶುರುವಾಗುವುದು ಡಿ ಅಕ್ಷರದಿಂದ. ವಿಂಡೋಸ್ 10 ತನ್ನನ್ನು ಸಿ ಎಂದು ಕರೆದುಕೊಂಡು, ವಿಂಡೋಸ್ 7 ಇದ್ದ ಭಾಗಕ್ಕೆ ಡಿ ಎಂದೂ ನಮ್ಮ ಕೆಲಸದ ಭಾಗಕ್ಕೆ ಇ ಎಂದೂ ಹೆಸರಿಟ್ಟಿತ್ತು.

ಅಕ್ಷರ ಬದಲಿಸಲು ವಿಂಡೋಸ್‌ನಲ್ಲೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ವಿಂಡೋಸ್ 7ರ ಭಾಗದಿಂದ ಡಿ ಅಕ್ಷರವನ್ನು ತೆಗೆದುಹಾಕಿದೆ. ಇನ್ನು ಇ ಡ್ರೈವ್ ಅನ್ನು ಡಿ ಮಾಡಬೇಕು, ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕೂಗತೊಡಗಿತು. ಶಟ್‌ಡೌನ್ ಮಾಡಿ, ಉಳಿದದ್ದನ್ನು ನಾಳೆ ನೋಡೋಣ ಎಂದು ಮನೆಗೆ ಹೊರಟೆ.

ಸೋಮವಾರ

ನಾನು ಹೋಗುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಚಿಕ್ಕಪ್ಪ ಬೆಳಿಗ್ಗೆ ಅಂಗಡಿ ತೆರೆದು, ವಿಂಡೋಸ್ 10 ಹಚ್ಚಿ, ಎಂದಿನಂತೆ ಬ್ಯಾಕಪ್ ಡಿಸ್ಕ್ ಚುಚ್ಚಿ ಬ್ಯಾಚ್ ಫೈಲ್ ಒತ್ತಿದ್ದಾರೆ. ಹೊಸದಾಗಿ ಬಂದ ಡಿಸ್ಕ್‌ಗೆ ವಿಂಡೋಸ್ ಖಾಲಿ ಇರುವ ಮೊದಲ ಅಕ್ಷರವನ್ನು ಕೊಡುತ್ತದೆ. ಡಿ ಖಾಲಿ ಇತ್ತು. ಬ್ಯಾಕಪ್ ಡಿಸ್ಕ್ ಡಿ ಆಯಿತು, ಮೂಲ ಕೆಲಸ ಇ ಆಗಿಯೇ ಉಳಿದಿತ್ತು. ರೋಬೋಕಾಪಿ ಹೇಳಿದಂತೆಯೇ ಡಿಯಿಂದ ಇಗೆ ನಕಲು ಮಾಡಿತು, ಅಂದರೆ ಹಳೆಯ ಪ್ರತಿಯನ್ನು ಹೊಸ ಕೆಲಸದ ಮೇಲೆ ಸುರಿಯಿತು.

ನಾನು ಆ ಆದೇಶದಲ್ಲಿ ಮಿರರ್ ಆಯ್ಕೆ ಬಳಸಿದ್ದೆ. ಮೂಲದಲ್ಲಿ ಇಲ್ಲದ್ದನ್ನು ಗುರಿಯಲ್ಲಿ ಅಳಿಸಿಬಿಡುವುದು ಅದರ ಕೆಲಸ. ಕೊನೆಯ ಬ್ಯಾಕಪ್ ಆಗಿ 11 ದಿನ ಕಳೆದಿತ್ತು. ಆ ಹನ್ನೊಂದು ದಿನದ ಹೊಸ ಫೈಲ್‌ಗಳೆಲ್ಲ ಅಳಿದವು. ತಿದ್ದಿದ್ದ ಫೈಲ್‌ಗಳು ಹಳೆಯ ರೂಪಕ್ಕೆ ಮರಳಿದವು. ಒಂಬತ್ತು ಮದುವೆಗಳ ಪತ್ರಿಕೆ ಅದರಲ್ಲಿದ್ದವು. ಚಿಕ್ಕಪ್ಪ ಗದರಲಿಲ್ಲ. ಒಂದು ಕಾಗದ ತೆಗೆದುಕೊಂಡು ಒಂಬತ್ತು ಮನೆತನದ ಹೆಸರನ್ನೂ ಮುಹೂರ್ತದ ದಿನಾಂಕವನ್ನೂ ನೆನಪಿನಿಂದ ಬರೆಯುತ್ತಾ ಕುಳಿತರು. ನನಗೆ ಅದನ್ನು ನೋಡಲು ಆಗಲಿಲ್ಲ.

ಇಂತಹ ಹೊತ್ತಿನಲ್ಲಿ ಆ ಡಿಸ್ಕ್ ಮೇಲೆ ಹೊಸದಾಗಿ ಏನನ್ನೂ ಬರೆಯಬಾರದು, ಬರೆದರೆ ಅಳಿದದ್ದು ಮತ್ತೆ ಸಿಗದೆ ಹೋಗಬಹುದು. ವಿಂಡೋಸ್ ಬಿಟ್ಟು ಉಬುಂಟುಗೆ ಹೋದೆ. ಟೆಸ್ಟ್‌ಡಿಸ್ಕ್ ಎಂಬ ಪ್ರೋಗ್ರಾಂನಿಂದ ಅಳಿದ ಫೈಲ್‌ಗಳನ್ನು ಹುಡುಕಿ, ಸಿಕ್ಕಿದ್ದನ್ನು ಎಸ್‌ಎಸ್‌ಡಿಗೆ ಇಳಿಸಿಕೊಂಡೆ. ಏಳು ಪತ್ರಿಕೆಗಳು ಹೆಸರಿನ ಸಮೇತ ಬಂದವು. ಎರಡು ತೆರೆಯಲಿಲ್ಲ. ಅವುಗಳ ಪಿಡಿಎಫ್ ಪ್ರೆಸ್ಸಿನವರ ಬಳಿ ಇತ್ತು. ಹಳೆಯ ರೂಪಕ್ಕೆ ಮರಳಿದ ಬಿಲ್ ಬುಕ್ಕುಗಳನ್ನು ಕೂತು ಮತ್ತೆ ತಿದ್ದಿದೆವು.

ಬುಧವಾರ ರಾತ್ರಿ

ಡ್ರೈವ್‌ನ ಅಕ್ಷರ ಎಲ್ಲಿ ಬರೆದಿರುತ್ತದೆ ಎಂದು ಕಣ್ಣಾರೆ ನೋಡಬೇಕೆನಿಸಿತು. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ, ಸಿಸ್ಟಂ ವಿಭಾಗದ ಕೆಳಗೆ ಮೌಂಟೆಡ್‌ಡಿವೈಸಸ್ ಎಂಬ ಕೀ ಇದೆ. ನಮ್ಮ ಡಿಸ್ಕ್‌ಗಳ ಪ್ರತಿ ಅಕ್ಷರದ ಎದುರಿಗೆ 12 ಬೈಟ್‌ಗಳು. ಈ ಡಿಸ್ಕ್‌ಗಳು, ಭಾಗಗಳ ಪಟ್ಟಿ ಬರೆದಿಡುವ ಹಳೆಯ ಪದ್ಧತಿಯಾದ ಎಂಬಿಆರ್ ಮಾದರಿಯವು. ಮೊದಲ 4 ಬೈಟ್ ಡಿಸ್ಕ್‌ನ ಸಹಿ, ಉಳಿದ 8 ಬೈಟ್ ಆ ಭಾಗ ಡಿಸ್ಕ್‌ನಲ್ಲಿ ಎಲ್ಲಿಂದ ಆರಂಭವಾಗುತ್ತದೆ ಎಂಬ ಲೆಕ್ಕ. ಹೊಸ ಪದ್ಧತಿಯ ಜಿಪಿಟಿ ಡಿಸ್ಕ್ ಆದರೆ ಇದರ ಬದಲು ಆ ಭಾಗದ ಜಿಯುಐಡಿ, ಅಂದರೆ ಅದಕ್ಕೆ ಮಾತ್ರ ಸೇರಿದ ಗುರುತಿನ ಸಂಖ್ಯೆ, ಇರುತ್ತದೆ.

ಡಿ ಎನ್ನುವುದು ಡಿಸ್ಕ್‌ನ ಮೈಮೇಲೆ ಎಲ್ಲೂ ಇಲ್ಲ. ಪ್ರತಿ ವಿಂಡೋಸೂ ತನ್ನ ರಿಜಿಸ್ಟ್ರಿಯಲ್ಲಿ ತನಗೆ ತೋಚಿದಂತೆ ಬರೆದಿಟ್ಟುಕೊಳ್ಳುತ್ತದೆ, ಪಕ್ಕದ ವಿಂಡೋಸ್‌ಗೆ ಅದು ಗೊತ್ತೇ ಇರುವುದಿಲ್ಲ. ಒಂದೇ ಮಗುವನ್ನು ತಾಯಿಯ ಮನೆಯಲ್ಲಿ ಪುಟ್ಟ ಎಂದೂ ತಂದೆಯ ಮನೆಯಲ್ಲಿ ರಾಜ ಎಂದೂ ಕರೆದಂತೆ. ಡಿಸ್ಕ್‌ನ ಭಾಗದ (ಪಾರ್ಟಿಷನ್) ಆರಂಭವನ್ನು ಆಚೀಚೆ ಸರಿಸಿದರೆ ಆ 8 ಬೈಟ್ ಹೊಂದದೆ ಅಕ್ಷರ ಕಳಚಿಕೊಳ್ಳುವುದೂ ಇದರಿಂದಲೇ.

ಎರಡನೆಯ ಭಾನುವಾರ

ಅಂಗಡಿಗೆ ರಜೆ ಹಾಕಿಸಿ ಪೂರ್ತಿ ಮಾಡಿದೆ. ಸಾವಿರಾರು ಪತ್ರಿಕೆಗಳ ಒಳಗೆ ಡಿ ಎಂದೇ ಬರೆದಿರುವಾಗ ಕೆಲಸದ ಭಾಗ ಎರಡೂ ವಿಂಡೋಸ್‌ನಲ್ಲಿ ಡಿ ಆಗಿಯೇ ಇರಬೇಕು, ಅದರಲ್ಲಿ ರಾಜಿ ಇಲ್ಲ. ಬ್ಯಾಕಪ್ ಡಿಸ್ಕ್‌ಗೆ ಎರಡರಲ್ಲೂ ಝಡ್ ಕೊಟ್ಟೆ. ಕೊನೆಯ ಅಕ್ಷರಗಳತ್ತ ಪೆನ್ ಡ್ರೈವ್‌ಗಳು ಸುಳಿಯುವುದಿಲ್ಲ. ಒಂದು ವಿಂಡೋಸ್‌ನಿಂದ ನೋಡಿದಾಗ ಇನ್ನೊಂದು ಡಬ್ಲ್ಯೂ. ಸಿ ಅನ್ನು ಬದಲಿಸಲು ಡಿಸ್ಕ್ ಮ್ಯಾನೇಜ್‌ಮೆಂಟ್ ಬಿಡುವುದಿಲ್ಲ, ಬಿಡಬಾರದು ಕೂಡ. ಎರಡು ಅಕ್ಷರಗಳನ್ನು ಅದಲುಬದಲು ಮಾಡುವಾಗ ಒಂದನ್ನು ಮೊದಲು ಮೂರನೆಯ ಅಕ್ಷರಕ್ಕೆ ಸರಿಸಬೇಕು. ಶುರು ಮಾಡಿದರೆ ಮುಗಿಸಿಯೇ ಏಳಬೇಕು, ಡಿ ಒಂದು ನಿಮಿಷವೂ ಖಾಲಿ ಬಿದ್ದಿರಬಾರದು.

ಅಕ್ಷರದ ಜೊತೆಗೆ ಲೇಬಲ್ ಕೂಡ ಹಾಕಿದೆ: ಕೆಲಸ, ಪ್ರತಿ, ಹಳೆಯದು, ಹೊಸದು. ಲೇಬಲ್ ಡಿಸ್ಕ್‌ನಲ್ಲೇ ಇರುವುದರಿಂದ ಮೂರು ಸಿಸ್ಟಂಗೂ ಒಂದೇ ರೀತಿ ಕಾಣುತ್ತದೆ.

ಬ್ಯಾಚ್ ಫೈಲನ್ನು ಹೊಸದಾಗಿ ಬರೆದೆ. ಕೆಲಸದ ಡಿಸ್ಕ್‌ನಲ್ಲಿ 'ಮೂಲ' ಎಂಬ ಖಾಲಿ ಫೈಲ್, ಬ್ಯಾಕಪ್‌ನಲ್ಲಿ 'ಪ್ರತಿ' ಎಂಬ ಖಾಲಿ ಫೈಲ್ ಇಟ್ಟಿದ್ದೇನೆ. ಡಿ ಡ್ರೈವ್‌ನಲ್ಲಿ ಮೊದಲನೆಯದು, ಝಡ್ ಡ್ರೈವ್‌ನಲ್ಲಿ ಎರಡನೆಯದು ಸಿಕ್ಕರೆ ಮಾತ್ರ ನಕಲು ನಡೆಯುತ್ತದೆ. ಮಿರರ್ ಆಯ್ಕೆಯನ್ನು ತೆಗೆದೆ. ಬ್ಯಾಕಪ್‌ನಲ್ಲಿ ಬೇಡದ ಫೈಲ್ ಉಳಿದರೆ ಉಳಿಯಲಿ.

ಮೂರನೆಯ ಶನಿವಾರ

ಉಬುಂಟುವಿನಲ್ಲಿ ಅಕ್ಷರದ ಗೋಜೇ ಇಲ್ಲ. ಕೆಲಸದ ಭಾಗದ ಗುರುತಿನ ಸಂಖ್ಯೆ (ಯುಯುಐಡಿ) ನೋಡಿ, ಯಾವ ಭಾಗ ಎಲ್ಲಿ ಕಾಣಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಒಂದು ಸಾಲು ಬರೆದೆ, ಮುಗಿಯಿತು. ಆದರೆ ಒಮ್ಮೊಮ್ಮೆ ಓದಲು ಮಾತ್ರ ಬಿಡುತ್ತಿತ್ತು, ಬರೆಯಲು ಬಿಡುತ್ತಿರಲಿಲ್ಲ. ವಿಂಡೋಸ್ 10ರ ಫಾಸ್ಟ್ ಸ್ಟಾರ್ಟಪ್ ಇದಕ್ಕೆ ಕಾರಣ. ಶಟ್‌ಡೌನ್ ಎಂದರೂ ಅದು ಅರ್ಧ ನಿದ್ದೆಗೆ ಜಾರಿ, ಡಿಸ್ಕನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಆ ನಿದ್ದೆಗೆ ಆಧಾರವಾದ ಹೈಬರ್ನೇಷನ್ ಅನ್ನೇ ನಿಲ್ಲಿಸಿದ ಮೇಲೆ ಸರಿಹೋಯಿತು.

ಇಂದು ಸಂಜೆ ಅದೇ ಲಗ್ನಪತ್ರಿಕೆಯನ್ನು ವಿಂಡೋಸ್ 10ರಲ್ಲಿ ತೆರೆದೆವು. ಪೇಜ್‌ಮೇಕರ್ ಏನನ್ನೂ ಕೇಳಲಿಲ್ಲ. ಬಣ್ಣದ ಪ್ರಿಂಟರ್‌ನಿಂದ ಮಹಾಲಕ್ಷ್ಮಿ ಅರಿಶಿನ ಕುಂಕುಮದ ಬಣ್ಣದೊಡನೆ ನಿಧಾನವಾಗಿ ಹೊರಬಂದಳು. ಚಿಕ್ಕಪ್ಪ ಆ ಹಾಳೆಯನ್ನು ಕಣ್ಣಿಗೊತ್ತಿಕೊಂಡು, ಬ್ಯಾಕಪ್ ಡಿಸ್ಕ್‌ನ ಮೇಲೆ ಕೆಂಪು ಶಾಯಿಯಲ್ಲಿ 'ಝಡ್' ಎಂದು ತಮ್ಮ ಕೈಯಾರೆ ಬರೆದು ಅಂಟಿಸಿದರು.