ಮಳೆಗಾಲ ದಾಟಿದ ಗೋಡೆಗಳು

ಗೋಡೆ ನೋಡಲೆಂದೇ, ಅಂದರೆ ಗೋಡೆ ಮೇಲಿನ ಚಿತ್ರ ನೋಡಲೆಂದೇ, ಮಂಗಳೂರಿಗೆ ಹೋಗುವವರು ಕಡಿಮೆ. ನಾವು ಹೊರಟಿದ್ದು ಸೆಪ್ಟೆಂಬರಿನಲ್ಲಿ, ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಜೊತೆಗೆ ಸ್ನೇಹಿತನ ಮಾವ, ಊರಿನವರೇ, ನಿವೃತ್ತ ಡ್ರಾಯಿಂಗ್ ಮಾಸ್ಟ್ರು.

ಮೊದಲು ಕಂಡದ್ದು ರಸ್ತೆ ಬದಿಯ ಕಾಂಪೌಂಡಿನ ಮೇಲಿನ ಯಕ್ಷಗಾನದ ವೇಷ. ಕಿರೀಟಕ್ಕೆ ಪಾಚಿ ಹತ್ತಿತ್ತು, ಕೆನ್ನೆಯ ಬಣ್ಣ ಹಪ್ಪಳದಂತೆ ಉಬ್ಬಿತ್ತು. ಮಾಸ್ಟ್ರು ಉಗುರಿನಿಂದ ಒಂದು ಚೂರು ಎಬ್ಬಿಸಿದರು. ಒಳಗೆಲ್ಲ ಒದ್ದೆ. "ಗೋಡೆ ಕುಡಿದ ನೀರು ಹೊರಗೆ ಬರ್ಲಿಕ್ಕೆ ದಾರಿ ಬೇಡ್ವಾ ಮಾರಾಯ್ರೆ? ಮೇಲೆ ಪೇಂಟ್ ಬಳಿದು ಬಾಯಿ ಮುಚ್ಚಿದ್ರೆ ಹೀಗೇ ಆಗುದು." ಮುಂದೆ ಹುಲಿವೇಷ, ಅದರಾಚೆ ಕಂಬಳದ ಕೋಣಗಳು. ನವರಾತ್ರಿಗೆ ಹುಲಿಗಳು ಬೀದಿಯಲ್ಲೇ ಕುಣಿಯುವ ಊರಿನಲ್ಲಿ ಗೋಡೆಯ ಮೇಲೂ ಅವೇ ಏಕೆ ಬೇಕೋ ನನಗೆ ತಿಳಿಯಲಿಲ್ಲ.

ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಕತ್ತು ನೋಯುವಷ್ಟು ಹೊತ್ತು ನಿಂತೆವು. ಇಟಲಿಯ ಜೆಸ್ಯೂಟ್ ಕಲಾವಿದ ಅಂತೋನಿಯೊ ಮೊಸ್ಕೇನಿ 1899ರಿಂದ ಸುಮಾರು ಎರಡು ವರ್ಷ ಇಲ್ಲಿ ಗೋಡೆ, ಮಾಡುಗಳಿಗೆ ಚಿತ್ರ ಬರೆದರು. ಕ್ಯಾನ್ವಾಸಿನ ಮೇಲೆ ತೈಲವರ್ಣ, ಗೋಡೆಯ ಮೇಲೆ ಹಸಿ ಗಾರೆಯ ಚಿತ್ರ. ಸುಣ್ಣ ಆರುವಾಗ ಬಣ್ಣವನ್ನೂ ಹಿಡಿದುಕೊಂಡೇ ಗಟ್ಟಿಯಾಗುತ್ತದೆ, ಹಾಗಾಗಿ ಪದರವಾಗಿ ಏಳುವ ಮಾತಿಲ್ಲ. ಇದಕ್ಕೆ ಸೂರಿನ ಆಸರೆಯೂ ಉಂಟು ಅನ್ನಿ.

ಸಂಜೆ ಪೇಟೆಯಲ್ಲಿ ದೊಡ್ಡ ಎಲ್‌ಇಡಿ ಪರದೆಯೊಂದು ಒಡವೆ ಅಂಗಡಿಯ ಜಾಹೀರಾತನ್ನು ಒದ್ದೆ ರಸ್ತೆಗೆಲ್ಲ ಚೆಲ್ಲುತ್ತಿತ್ತು. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ 2012ರಿಂದ ಪ್ರತಿ ರಾತ್ರಿ 11.57ಕ್ಕೆ ಜಾಹೀರಾತು ಸರಿದು, ಹನ್ನೆರಡರವರೆಗೆ ಕಲಾವಿದರ ವಿಡಿಯೋ ಓಡುತ್ತದೆ ಎಂದೆ. "ಮೂರೇ ನಿಮಿಷವಾ?" ಎಂದು ಮಾಸ್ಟ್ರು ನಕ್ಕರು. ಶಿಕಾಗೋದಲ್ಲಿ ಜೌಮೆ ಪ್ಲೆನ್ಸಾ 2004ರಲ್ಲಿ ನಿಲ್ಲಿಸಿದ ಗಾಜಿನ ಇಟ್ಟಿಗೆಯ ಎರಡು ಗೋಪುರಗಳ ಸಂಗತಿ ಅವರಿಗೆ ಹೆಚ್ಚು ಹಿಡಿಸಿತು. ಒಂದೊಂದೂ ಐವತ್ತು ಅಡಿ; ಅವುಗಳ ಮೇಲೆ ಸುಮಾರು ಸಾವಿರ ಊರವರ ಮುಖಗಳು ಸರದಿಯಲ್ಲಿ ಮೂಡುತ್ತವೆ, ಬೇಸಗೆಯಲ್ಲಿ ಆ ಬಾಯಿಂದ ನೀರು ಚಿಮ್ಮುತ್ತದೆ, ಕೆಳಗೆ ಮಕ್ಕಳು ನೆನೆಯುತ್ತಾರೆ. ಹೀರೋ ಅಲ್ಲ, ದೇವರೂ ಅಲ್ಲ, ನಿಮ್ಮ ನಮ್ಮಂಥವರ ಮುಖ.

ಮರುದಿನ ಉಡುಪಿ ಕಡೆ ಹಳ್ಳಿಯೊಂದರ ಸಣ್ಣ ದೇವಸ್ಥಾನದಲ್ಲಿ ಕಾವಿ ಕಲೆ. ಚಿಪ್ಪು ಸುಟ್ಟ ಸುಣ್ಣಕ್ಕೆ ಮರಳು, ಬೆಲ್ಲ ಸೇರಿಸಿ, ಕೊಳೆಹಾಕಿ ಕುಟ್ಟಿದ ಗಾರೆ. ಅದರ ಮೇಲೆ ಕೆಮ್ಮಣ್ಣಿನ ಲೇಪ. ಹಸಿ ಇರುವಾಗಲೇ ಕಂಟದಿಂದ, ಅಂದರೆ ಲೋಹದ ಚೂಪು ಕಡ್ಡಿಯಿಂದ, ಕೆರೆದರೆ ಕೆಂಪಿನಡಿಯ ಬಿಳಿ ಎದ್ದು ಬರುತ್ತದೆ. ಹೂವಿನ ಎಸಳಿನ ಅಂಚಿಗೆ ಬೆರಳಿಟ್ಟರೆ ತಗ್ಗು ತಾಗಿತು. ನಡುವೆ ಕೈವಾರದ ಮೊನೆ ಊರಿದ ಗುಂಡಿ ಹಾಗೇ ಇತ್ತು. ಗೋಡೆಯನ್ನೇ ಕೆತ್ತಿದ ಚಿತ್ರ ಇದು, ಮೇಲೆ ಅಂಟಿಸಿದ್ದಲ್ಲ. ಉಡುಪಿಯ ಕಲಾವಿದ ಜನಾರ್ದನ ಹಾವಂಜೆ ಇಂಥವನ್ನು ದಾಖಲಿಸಿ, ಈ ವಿದ್ಯೆಯನ್ನು ಹೊಸಬರಿಗೆ ಕಲಿಸುತ್ತಿದ್ದಾರೆ. ಹೊಸ ಕಟ್ಟಡಗಳ ಮುಂಗೋಡೆಗೂ ಇದು ಬರಬೇಕು ಎನ್ನುವುದು ನನ್ನ ಆಸೆ, ಖರ್ಚು ಜಾಸ್ತಿಯಾದರೂ.

ಮಾಸ್ಟ್ರ ತಲೆಯಲ್ಲಿ ಮಾತ್ರ ಶಿಕಾಗೋ ಕೂತುಬಿಟ್ಟಿತ್ತು. ವಾಪಸು ಬರುವ ಬಸ್ಸಿನಲ್ಲಿ ಲೆಕ್ಕ ಹಾಕತೊಡಗಿದರು. "ನಮ್ಮ ಶಾಲೆಯ ಹಿಂದಿನ ಗೋಡೆಗೆ ಸುಣ್ಣ ಹೊಡೆಸುವ. ಪ್ರೊಜೆಕ್ಟರ್ ಬಾಡಿಗೆಗೆ ಸಿಗ್ತದೆ. ಬಂದರಿನ ಮೀನು ಮಾರುವ ಹೆಂಗಸರದ್ದು, ಬೀಡಿ ಕಟ್ಟುವವರದ್ದು ಮುಖ ಹಾಕುವ."

"ಮಳೆ ಬಂದ್ರೆ?"

"ಡಿಸೆಂಬರ್‌ನಲ್ಲಿ ಮಾಡುದು ಮಾರಾಯ್ರೆ. ನೀವು ಕ್ಯಾಮರಾ ತನ್ನಿ."