ಉಸಿರು ಎಲ್ಲಿ ತಗೋಬೇಕು ಅಂತ ಹೇಳಿಕೊಟ್ಟವರು

ನಮ್ಮ ಕಾಲೇಜಿನಲ್ಲಿ ಕೊಳಲು ಕಲಿತವರೆಲ್ಲ ಮೊದಲು ಹಾಡುವುದನ್ನು ಕಲಿತವರು. ಕೊಳಲಿನ ಮೇಷ್ಟ್ರು ಹಾಕಿದ ನಿಯಮ ಅದು. ಕೀರ್ತನೆಯ ಸಾಹಿತ್ಯ ಬರೆದುಕೊಳ್ಳಬೇಕು, ಅರ್ಥ ಕೇಳಿ ತಿಳಿದುಕೊಳ್ಳಬೇಕು, ತಾಳ ಹಾಕುತ್ತಾ ಬಾಯಲ್ಲಿ ಹಾಡಿ ಒಪ್ಪಿಸಬೇಕು. ಆಮೇಲೇ ಕೊಳಲು ಚೀಲದಿಂದ ಹೊರಗೆ ಬರುತ್ತಿತ್ತು. "ನನ್ನ ದನಿ ಚೆನ್ನಾಗಿಲ್ಲ ಸಾರ್" ಅಂದರೆ, "ದನಿ ಯಾರು ಕೇಳಿದ್ರು? ಪದ ಗೊತ್ತಿರಬೇಕು ಕಣಮ್ಮ" ಅನ್ನುತ್ತಿದ್ದರು.

ಇದರ ಅರ್ಥ ನನಗೆ ಚೆನ್ನಾಗಿ ತಿಳಿದದ್ದು ಪುರಂದರದಾಸರ "ಜಗದೋದ್ಧಾರನ" ಪಾಠದಲ್ಲಿ. ಕಾಪಿ ರಾಗ, ನಿಧಾನದ ನಡೆ. ಹೊಸಬರಿಗೆ ಮೊದಲ ಪದ ಮುಗಿಯುವಷ್ಟರಲ್ಲೇ ಉಸಿರು ಖಾಲಿ. "ಜಗದೋ" ಅಂತ ನಿಲ್ಲಿಸಿ, ಗಾಳಿ ಎಳೆದುಕೊಂಡು, "ದ್ಧಾರನ" ಅಂತ ಮುಂದುವರಿಸಿದರೆ ಸ್ವರವೇನೋ ಸರಿಯಾಗಿಯೇ ಇರುತ್ತದೆ. ಆದರೆ ಕೇಳುವವರಿಗೆ ಆ ಹಾಡು ಚಿಕ್ಕಂದಿನಿಂದ ಬಾಯಿಪಾಠ. ಕೊಳಲಿನ ಜೊತೆ ಅವರು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಿರುತ್ತಾರೆ. ಪದ ತುಂಡಾದ ಕಡೆ ಅವರೂ ಮುಗ್ಗರಿಸುತ್ತಾರೆ. ಅದಕ್ಕೇ ಮೇಷ್ಟ್ರು ಪ್ರತಿಯೊಬ್ಬರ ಪುಸ್ತಕ ತೆಗೆದುಕೊಂಡು, ಸಾಹಿತ್ಯದ ಮೇಲೆ ಪೆನ್ಸಿಲ್‌ನಲ್ಲಿ ಉಸಿರಿನ ಗುರುತು ಹಾಕಿಕೊಡುತ್ತಿದ್ದರು. ಒಂದು ಸಣ್ಣ ಗೀಟು, ಅಷ್ಟೇ. ನನ್ನ ಪುಸ್ತಕದ ಗೀಟು ಪಕ್ಕದವಳ ಪುಸ್ತಕದಲ್ಲಿ ಅದೇ ಜಾಗದಲ್ಲಿ ಇರುತ್ತಿರಲಿಲ್ಲ. ಯಾರ ಉಸಿರು ಎಷ್ಟು ದೂರ ಬರುತ್ತದೆ ಅಂತ ಅವರಿಗೆ ಗೊತ್ತಿತ್ತು. ತಿಂಗಳುಗಳು ಕಳೆದ ಹಾಗೆ ಹಳೆಯ ಗೀಟು ಅಳಿಸಿ ಸ್ವಲ್ಪ ಮುಂದಕ್ಕೆ ಹಾಕುತ್ತಿದ್ದರು. ಆ ಪುಸ್ತಕ ಇವತ್ತಿಗೂ ನನ್ನ ಹತ್ತಿರ ಇದೆ.

ಶುರುವಿನ ಪಾಠದಲ್ಲೂ ಅವರದ್ದು ಬೇರೆ ದಾರಿ. ಸರಳೆ ವರಸೆ, ಅಂದರೆ ಸ್ವರ ಅಭ್ಯಾಸದ ಮೊದಲ ಪಾಠ, ಎಲ್ಲರಿಗೂ ಮಾಯಾಮಾಳವಗೌಳದಲ್ಲೇ ತಾನೆ? ಆದರೆ ಕೊಳಲಿನಲ್ಲಿ ಆ ರಾಗದ ರಿಷಭ, ಧೈವತ ಎರಡಕ್ಕೂ ರಂಧ್ರವನ್ನು ಅರ್ಧ ಮಾತ್ರ ಮುಚ್ಚಬೇಕು. ಬೆರಳು ಇನ್ನೂ ಪಳಗದ ಮಕ್ಕಳಿಗೆ ಅದು ಕಷ್ಟ. ನಮ್ಮ ಕೊಳಲಿನಲ್ಲಿ ಬೆರಳನ್ನು ಪೂರ್ತಿ ಎತ್ತಿ, ಪೂರ್ತಿ ಮುಚ್ಚಿದರೆ ತಾನಾಗಿ ಬರುವುದು ಹರಿಕಾಂಭೋಜಿ ರಾಗ. ಆದ್ದರಿಂದ ಬಾಯಲ್ಲಿ ಮಾಯಾಮಾಳವಗೌಳ, ಕೊಳಲಲ್ಲಿ ಹರಿಕಾಂಭೋಜಿ ಅಂತ ಎರಡನ್ನೂ ಜೊತೆಜೊತೆಗೆ ಕಲಿಸುತ್ತಿದ್ದರು. ಅರ್ಧ ರಂಧ್ರ ಕೈಗೆ ಬಂದ ಮೇಲೆ ಗಮಕ, ಅಂದರೆ ಸ್ವರವನ್ನು ಅಲುಗಿಸಿ, ಜಾರಿಸಿ ನುಡಿಸುವುದನ್ನು, ಹೇಳಿಕೊಡುವುದು ಸುಲಭವಾಗುತ್ತಿತ್ತು. ನಾನೂ ಈಗ ನನ್ನ ಮಕ್ಕಳಿಗೆ ಹೀಗೇ ಹೇಳಿಕೊಡುತ್ತೇನೆ.

ಕೊಳಲಿನ ಹಿರಿಯರ ಬಗ್ಗೆ ಮಾತು ಬಂದರೆ ಪಾಠ ಅಲ್ಲಿಗೆ ನಿಂತಿತು ಅಂತಲೇ ಲೆಕ್ಕ. ಕುಂಭಕೋಣದ ಶರಭಶಾಸ್ತ್ರಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಬದುಕಿದ್ದು 1872ರಿಂದ 1904ರವರೆಗೆ ಮಾತ್ರ. ಅಷ್ಟರಲ್ಲೇ ಕೊಳಲು ಒಂಟಿಯಾಗಿ ಪೂರ್ತಿ ಕಚೇರಿ ನಡೆಸಬಲ್ಲದು ಅಂತ ತೋರಿಸಿದರು. ಅವರ ಶಿಷ್ಯ ಪಲ್ಲಡಂ ಸಂಜೀವರಾಯರು ಆ ದಾರಿಯನ್ನು ಮುಂದುವರಿಸಿದರು. ಆಮೇಲೆ ಬಂದವರು ಮಾಲಿ, ಅಂದರೆ ಟಿ. ಆರ್. ಮಹಾಲಿಂಗಂ. ಏಳನೇ ವಯಸ್ಸಿಗೇ ಮೈಲಾಪುರದಲ್ಲಿ ಕಚೇರಿ ಮಾಡಿದ ಹುಡುಗ! ಕೊಳಲಿನಲ್ಲಿ ಹಾಡುಗಾರಿಕೆಯ ಎಳೆತ, ಜಾರು, ಕಂಪಿತ ಅನ್ನುವ ಗಮಕಗಳು ಎಲ್ಲವನ್ನೂ ತಂದವರು ಅವರೇ. ಮಾಲಿಯವರ ಶಿಷ್ಯ ಎನ್. ರಮಣಿ ಉದ್ದ ಕೊಳಲನ್ನು ಕರ್ನಾಟಕ ಸಂಗೀತದ ಕಚೇರಿಗೆ ತಂದರು. ಮೇಷ್ಟ್ರು ಹುಡುಗರಾಗಿದ್ದಾಗ ಬೆಂಗಳೂರಿನಲ್ಲಿ ಮಾಲಿಯವರ ಕಚೇರಿ ಕೇಳಿದ್ದರಂತೆ. ಅದನ್ನು ಹೇಳುವಾಗ ಅವರ ಬೆರಳುಗಳು ಮೇಜಿನ ಮೇಲೆ ತಾವಾಗಿ ಆಡುತ್ತಿದ್ದವು.

ಮೇಷ್ಟ್ರು ಸ್ವತಃ ಒಳ್ಳೆಯ ಕಚೇರಿ ಕಲಾವಿದರು. ಆಕಾಶವಾಣಿಯಲ್ಲಿ ನುಡಿಸುತ್ತಿದ್ದರು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರದಲ್ಲಿ ನುಡಿಸಿದ್ದಾರೆ. ಬೆಂಗಳೂರು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ನಡೆಯುವ, 1939ರಲ್ಲಿ ಶುರುವಾದ ರಾಮನವಮಿ ಉತ್ಸವದಲ್ಲೂ ನುಡಿಸಿದ್ದಾರೆ. ಆ ಚಪ್ಪರದಲ್ಲಿ ಅವರ ಷಣ್ಮುಖಪ್ರಿಯ ರಾಗ ಕೇಳಿದ ಅದೃಷ್ಟ ನನ್ನದು. ಹೊರಗೆ ಬಸ್ಸುಗಳ ಸದ್ದು, ಒಳಗೆ ಮಂದ್ರದಲ್ಲಿ ಅವರು ಹಿಡಿದ ಪಂಚಮ. ಆಲಾಪನೆಯಲ್ಲಿ ಸಾಹಿತ್ಯ ಇರುವುದಿಲ್ಲ, ಎಲ್ಲಿ ಬೇಕಾದರೂ ಉಸಿರು ತೆಗೆದುಕೊಳ್ಳಬಹುದು ಅಂದುಕೊಂಡಿದ್ದೆ. ಹಾಗಲ್ಲ. ಅವರು ಒಂದು ಸಂಚಾರ, ಅಂದರೆ ರಾಗದ ಒಂದು ಓಟ, ಮುಗಿಸಿ ನಿಂತಾಗ ಪಿಟೀಲಿನವರು ಅದನ್ನೇ ಎತ್ತಿಕೊಂಡು ತುಂಬುತ್ತಿದ್ದರು. ಅವರ ಉಸಿರಿನ ಜಾಗ ಪಕ್ಕವಾದ್ಯದವರ ಜಾಗವಾಗಿತ್ತು.

ಇಷ್ಟಾದರೂ ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ ಅಂದರೆ ಕಾಲೇಜಿನ ತಿಂಗಳ ಕಚೇರಿ. ಎಲ್ಲ ಕೆಲಸವೂ ನಮ್ಮದೇ. ಜಮಖಾನ ಹಾಸುವುದು, ಊರಿನ ರಸಿಕರಿಗೆ ಕಾರ್ಡು ಬರೆಯುವುದು, ಬಸ್‌ಸ್ಟ್ಯಾಂಡಿಗೆ ಹೋಗಿ ಕಲಾವಿದರನ್ನು ಕರೆತರುವುದು, ಕಾಫಿ. ಆರು ಗಂಟೆ ಅಂದರೆ ಆರಕ್ಕೇ ಶುರು. ಮುಖ್ಯ ಅತಿಥಿ ಬಂದಿಲ್ಲ ಅಂತ ಒಂದು ನಿಮಿಷವೂ ಕಾಯುತ್ತಿರಲಿಲ್ಲ. ಹೊಸ ಹುಡುಗರು ಹಾಡಿದರೂ ಪಕ್ಕವಾದ್ಯಕ್ಕೆ ಅನುಭವಸ್ಥರನ್ನೇ ಕರೆಯುತ್ತಿದ್ದರು. ಹಿರಿಯರು ಬಂದರೆ ಅವರ ಪಕ್ಕದಲ್ಲಿ ಒಬ್ಬ ಹೊಸ ಮೃದಂಗದ ಹುಡುಗನನ್ನು ಕೂರಿಸುತ್ತಿದ್ದರು. ಸಂಭಾವನೆಯ ಕವರು ಕಚೇರಿಗೆ ಮೊದಲೇ ಸಿದ್ಧವಾಗಿರಬೇಕಿತ್ತು. ಘಟ, ಮೋರ್ಸಿಂಗ್‌ನಂಥ ತಾಳವಾದ್ಯದವರಿಗೂ ಕವರು ಇರಲೇಬೇಕು. "ಸಂಗೀತ ಸೇವೆ ಅಂತ ಹೇಳಿ ಯಾರ ಹೊಟ್ಟೆಗೂ ಹೊಡೀಬಾರದು" ಅನ್ನುತ್ತಿದ್ದರು. ಈ ಒಂದು ವಿಷಯದಲ್ಲಿ ಮಾತ್ರ ಅವರು ದನಿ ಏರಿಸಿದ್ದನ್ನು ಕೇಳಿದ್ದೇನೆ.

ಕೊಳಲಿನ ಕಚೇರಿ ಇದ್ದ ದಿನ ತಯಾರಿ ಜಾಸ್ತಿ. ಕೊಳಲಿಗೆ ಬಿರಡೆ ತಿರುಗಿಸಿ ಶ್ರುತಿ ಏರಿಸುವ ಅನುಕೂಲ ಇಲ್ಲ. ಚಳಿಗಾಲದ ಸಂಜೆ ತಣ್ಣಗಿರುವ ಕೊಳಲು ಸ್ವಲ್ಪ ಇಳಿದೇ ನುಡಿಯುತ್ತದೆ. ಊದುತ್ತಾ ಊದುತ್ತಾ ಬಿಸಿಯಾದ ಹಾಗೆ ಏರುತ್ತದೆ. ಹಾಗಾಗಿ ಕಲಾವಿದರು ಪಕ್ಕದ ಕೋಣೆಯಲ್ಲಿ ಚೆನ್ನಾಗಿ ಊದಿ ಬಿಸಿ ಮಾಡಿಕೊಂಡ ಮೇಲೇ ತಂಬೂರಿ, ಪಿಟೀಲು, ಮೃದಂಗ ಎಲ್ಲವನ್ನೂ ಆ ಕೊಳಲಿಗೆ ಕೂಡಿಸಬೇಕು. ಮೈಕು ಬಾಯಿಗೆ ನೇರವಾಗಿ ಇಟ್ಟರೆ ಗಾಳಿಯ ಸದ್ದೇ ಕೇಳುತ್ತದೆ. ಸ್ವಲ್ಪ ಮೇಲಕ್ಕೆ, ಸ್ವಲ್ಪ ಪಕ್ಕಕ್ಕೆ ಸರಿಸಬೇಕು. ಮೇಷ್ಟ್ರು ಸಭಾಂಗಣದ ಕೊನೆಯ ಸಾಲಿನಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದರು, ನಾನು ವೇದಿಕೆ ಮೇಲೆ ಬೆರಳಿನಷ್ಟು ಬೆರಳಿನಷ್ಟೇ ಮೈಕು ಸರಿಸುತ್ತಿದ್ದೆ. ಮೃದಂಗದ ಮೈಕಿನ ಸದ್ದನ್ನು ಮಾತ್ರ ಯಾವಾಗಲೂ ತಗ್ಗಿಸುವ ಸನ್ನೆಯೇ. ಕೊಳಲು ಮೆತ್ತಗಿನ ವಾದ್ಯ, ಅದರ ಮೇಲೆ ಯಾರೂ ಹತ್ತಿ ಕೂರಬಾರದು.

ನಾವು ಎಷ್ಟೇ ಕೇಳಿಕೊಂಡರೂ ಆ ವೇದಿಕೆಯಲ್ಲಿ ಅವರು ತಾವು ಮುಖ್ಯ ಕಚೇರಿ ಮಾಡಲಿಲ್ಲ. ಕರೆದ ಕಲಾವಿದರಿಗೆ ತೊಂದರೆಯಾಗಿ ಬರಲು ಆಗದಿದ್ದಾಗ, ಕೇಳುಗರು ಬಂದು ಕೂತಿದ್ದಾಗ ಮಾತ್ರ ಕೊಳಲು ಹಿಡಿದು ಕೂರುತ್ತಿದ್ದರು. ಅಂಥ ಸಂಜೆಗಳಲ್ಲಿ ಕಚೇರಿಯ ಮೊದಲಿಗೆ ನುಡಿಸುವ ವರ್ಣ ಮುಗಿಯುವ ಹೊತ್ತಿಗೆ ಹಾಸ್ಟೆಲಿನಿಂದ ಹುಡುಗರು ಓಡಿ ಬರುತ್ತಿದ್ದರು.

ಅವರು ನಿವೃತ್ತರಾದ ಮೇಲೆ ತಿಂಗಳ ಕಚೇರಿಯನ್ನು ಹಳೆಯ ವಿದ್ಯಾರ್ಥಿಗಳು ನಡೆಸುತ್ತಿದ್ದೇವೆ. ವಯಸ್ಸಾಗಿದೆ, ಮೇಷ್ಟ್ರಿಗೆ ಈಗ ಸಂಜೆ ಹೊರಗೆ ಬರುವುದು ಆಗುವುದಿಲ್ಲ. ಕಚೇರಿಯ ಧ್ವನಿಮುದ್ರಣವನ್ನು ಮಾರನೇ ದಿನವೇ ಮನೆಗೆ ಕಳಿಸುತ್ತೇವೆ. ಮಧ್ಯಾಹ್ನದೊಳಗೆ ಫೋನ್ ಬರುತ್ತದೆ. ಕಳೆದ ತಿಂಗಳು ನುಡಿಸಿದ್ದು ಎರಡನೇ ವರ್ಷದ ಹುಡುಗಿ. ಅವಳ ಕಲ್ಯಾಣಿ ರಾಗವನ್ನು ಬಾಯಿ ತುಂಬಾ ಹೊಗಳಿದರು. ಆಮೇಲೆ ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನದ ಬಗ್ಗೆ ನನ್ನನ್ನು ಕೇಳಿದರು: "ತನಿ ಆವರ್ತನಕ್ಕೆ ಅಷ್ಟು ಕಡಿಮೆ ಹೊತ್ತು ಯಾಕೆ ಕೊಟ್ರಿ? ಆ ಘಟದ ಹುಡುಗ ಚೆನ್ನಾಗಿ ನುಡಿಸ್ತಿದ್ದ. ಮುಂದಿನ ಸಲ ಅವನನ್ನ ಮತ್ತೆ ಕರೀರಿ." ಕರೆದಿದ್ದೇವೆ.